ಕುರ್ಚಿ ತಿರುಗಿ ನೋಡುವ ಸಿರಿಂಜ್ ಅಕ್ಕ

ಬೆಳಿಗ್ಗೆ ಐದೂಮುಕ್ಕಾಲು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಳ್ಳುತ್ತದೆ. ಮೂರು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಕಿಟಕಿಯ ಪಕ್ಕ ಒಂದು ಗಾಜಿನ ಹಲಗೆ. ಹಲಗೆಯ ಮೇಲೆ ಕಪ್ಪು ಚಡ್ಡಿಯೊಂದನ್ನು ಅಗಲಿಸಿ ಹಾಸಿ, ಐವತ್ತಮೂರರ ಹೆಂಗಸೊಬ್ಬರು ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿಕೊಳ್ಳುತ್ತಾರೆ. ಹದಿನೈದು ಎಂ.ಎಲ್., ಅಂದರೆ ಮೂರು ಚಮಚ. ಹನಿಹನಿಯಾಗಿ ಬಿಡುತ್ತಾರೆ. ಕ್ಷಣದಲ್ಲಿ ಬಟ್ಟೆಯೊಳಗೆ ಇಳಿಯಬೇಕಾದ ನೀರು ಇಳಿಯುವುದಿಲ್ಲ. ಕೆಸುವಿನೆಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತು, ಹಲಗೆಯನ್ನು ಒಂದಿಷ್ಟು ಓರೆ ಮಾಡಿದೊಡನೆ ಅಂಚಿನ ಕಡೆಗೆ ಓಡಿ ನೆಲಕ್ಕೆ ಬೀಳುತ್ತದೆ.

"ನೋಡಿದ್ರಾ? ಕುಡೀತಾನೇ ಇಲ್ಲ," ಎನ್ನುತ್ತಾರೆ. ನನಗೆ ಹೇಳಿದ್ದೋ ಚಡ್ಡಿಗೆ ಹೇಳಿದ್ದೋ ತಿಳಿಯುವುದಿಲ್ಲ.

ನಾನು ಬಂದದ್ದು ಬೇರೆಯೇ ಲೆಕ್ಕಾಚಾರದಲ್ಲಿ. ಒಗೆದು ಮತ್ತೆ ಮತ್ತೆ ಬಳಸುವ ಮುಟ್ಟಿನ ಚಡ್ಡಿಯನ್ನು ಇವರು ಹೇಗೆ ಹೊಲಿಯುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ ಎಂದು ನಿಧಾನವಾಗಿ ಕೂತು ಕೇಳಿ, ಒಂದು ಚೆಂದದ ಫೋಟೊ ತೆಗೆದುಕೊಂಡು ಹೋಗೋಣ ಎಂದಿದ್ದೆ. ನಾನು ಬರುವುದೇ ಅವರಿಗೆ ಮರೆತುಹೋಗಿದೆ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ನಲ್ಲಿಗೆ ಓಡಾಡುತ್ತಿದ್ದಾರೆ. ಸ್ಟೂಲಿನ ಮೇಲೆ ಕೂರುತ್ತಾರೆ, ಏಳುತ್ತಾರೆ. ಎದ್ದಾಗಲೆಲ್ಲ ಅರೆಗಳಿಗೆ ತಿರುಗಿ ಸ್ಟೂಲನ್ನೊಮ್ಮೆ ನೋಡುತ್ತಾರೆ.

ಆ ತಿರುಗಿ ನೋಡುವುದು ನನಗೆ ಗೊತ್ತು. ಈ ಪುರವಣಿ ಓದುವ ಹೆಂಗಸರಿಗೂ ಗೊತ್ತು. ಗಂಡಸರು ಬೇಕಾದರೆ ಮನೆಯಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಸುತ್ತಲಿನ ನಾಲ್ಕು ಬೀದಿಗಳಲ್ಲಿ ಇವರು 'ಸಿರಿಂಜ್ ಅಕ್ಕ'. ನರ್ಸ್ ಎಂದುಕೊಂಡು ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದವರೂ ಉಂಟಂತೆ. ಓವರ್‌ಲಾಕ್ ಮಿಷನ್ನಿನ ಮುಂದೆ ಕೂರುವ ಅವರ ತಂಗಿ ಇದನ್ನು ಹೇಳಿ ನಗುತ್ತಾರೆ. ಇವತ್ತು ಮಾತ್ರ ಆ ನಗು ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಅಕ್ಕ ನಗುತ್ತಿಲ್ಲ.

ಆಗಿರುವುದಿಷ್ಟು. ಮೂರು ತಿಂಗಳ ಹಿಂದೆ ಇಲ್ಲಿಂದ ಎರಡು ಕಿಲೋಮೀಟರ್ ದೂರದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನೂರಿಪ್ಪತ್ತು ಚಡ್ಡಿ ಹೋಗಿವೆ. ನಲವತ್ತು ಹುಡುಗಿಯರಿಗೆ ತಲಾ ಮೂರು. ಮೊದಲ ತಿಂಗಳು ಎಲ್ಲರೂ ಹೊಗಳಿದ್ದರು. ನಿನ್ನೆ, ಸೋಮವಾರ, ಅವರಲ್ಲೊಬ್ಬಳು ಪರೀಕ್ಷೆ ಬರೆದು ಎದ್ದಾಗ ಬೆಂಚಿನ ಮೇಲೆ ಕಲೆ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹುಡುಗಿ ಹಾಸ್ಟೆಲ್ಲಿಗೆ ಬಂದು ಚಾದರ ಹೊದ್ದು ಮಲಗಿದವಳು ಇನ್ನೂ ಎದ್ದಿಲ್ಲ. ನಾಳೆ, ಬುಧವಾರ, ಎರಡನೆಯ ಪತ್ರಿಕೆ. ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಇದು ತಪ್ಪಿದರೆ ಒಂದು ವರ್ಷ ಹೋದಂತೆ. ಸಂಜೆ ಹಾಸ್ಟೆಲ್ಲಿನಿಂದ ಇಪ್ಪತ್ತೇಳು ಒಗೆದ ಚಡ್ಡಿಗಳು ಚೀಲದಲ್ಲಿ ವಾಪಸ್ ಬಂದಿವೆ, ಜೊತೆಗೆ 'ಇವು ಸೋರುತ್ತವೆ' ಎಂಬ ಎರಡು ಪದದ ಚೀಟಿ.

"ಹೊಸದು ಕೊಟ್ಟು ಕಳಿಸೋಣ ಅಂದೆ," ಎನ್ನುತ್ತಾರೆ ತಂಗಿ. "ಆ ಹುಡುಗಿ ಏನಂದಳಂತೆ ಗೊತ್ತಾ? ಸೋರಿದ್ದೂ ಮೊದಲು ಹೊಸದೇ ಆಗಿತ್ತಲ್ಲ, ಅಂತ."

ಪ್ಯಾಡ್ ಹಾಕಿಕೊಂಡು ಹೋಗೆಂದರೆ ತೊಡೆಸಂದು ಹುಣ್ಣಾಗುತ್ತದೆ ಎನ್ನುತ್ತಾಳಂತೆ. ಅದು ನಿಜ, ಅವಳು ಈ ಚಡ್ಡಿ ಆರಿಸಿಕೊಂಡದ್ದೇ ಅದಕ್ಕೆ. ಆದರೆ ಹೋಗದಿರುವುದಕ್ಕೆ ಕಾರಣ ಹುಣ್ಣಲ್ಲ, ಹಿಂದಿನ ಸಾಲಿನ ನಗು. ಅಕ್ಕನಿಗೆ ಅದು ಯಾರೂ ಹೇಳದೆಯೇ ಗೊತ್ತು.

ಹೇಗೆ ಗೊತ್ತು ಎಂಬುದಕ್ಕೆ ಒಂದು ಕುರ್ಚಿಯ ಕಥೆ ಇದೆ. ಅಕ್ಕ ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸ ಮಾಡಿದವರು. ಶೌಚಾಲಯಕ್ಕೆ ಹೋಗಲು ಇಡೀ ಸಾಲಿಗೆ ಎರಡೇ ಟೋಕನ್. ಮೂವತ್ತೊಂದನೆಯ ವಯಸ್ಸಿನಲ್ಲಿ ಒಂದು ದಿನ ಟೋಕನ್ ಕೈಗೆ ಬರುವುದರೊಳಗೆ ಕುರ್ಚಿಗೆ ಕಲೆಯಾಯಿತು. ಸೂಪರ್‌ವೈಸರ್ ಬೈಯಲಿಲ್ಲ. ಕುರ್ಚಿಯನ್ನು ಎತ್ತಿಸಿ ಬಾಗಿಲ ಹೊರಗೆ ಇಡಿಸಿದ, ಅಷ್ಟೇ. ಊಟಕ್ಕೆ ಹೋಗುವವರು, ಬರುವವರು ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. "ಮೂರು ದಿನ ಅಲ್ಲೇ ಇತ್ತು. ಬೈದಿದ್ರೆ ಆವತ್ತೇ ಮರೆತುಬಿಡ್ತಿದ್ದೆ," ಎನ್ನುತ್ತಾರೆ ಅಕ್ಕ. ಅದಾದ ಮೇಲೂ ಹದಿನೈದು ವರ್ಷ ಅಲ್ಲೇ ದುಡಿದರು. ಆಮೇಲೆ ತಂಗಿಯೊಂದಿಗೆ ಈ ಕೋಣೆ ಹಿಡಿದರು. ಇದಕ್ಕೀಗ ಏಳು ವರ್ಷ.

ಅಂಗಡಿಯವರು 'ಪೀರಿಯಡ್ ಪ್ಯಾಂಟಿ' ಎನ್ನುವುದನ್ನು ಇವರು ಮುಟ್ಟಿನ ಚಡ್ಡಿ ಎಂದೇ ಕರೆಯುತ್ತಾರೆ. ದಿನಕ್ಕೆ ಇಪ್ಪತ್ತೆರಡು ಹೊಲಿದರೆ ಹೆಚ್ಚು. ಮೈಗೆ ತಾಗುವ ಕಡೆ ಮೆತ್ತನೆಯ ಪದರ, ಅದರ ಕೆಳಗೆ ಹೀರುವ ಎರಡು ಪದರ, ಕಡೆಯಲ್ಲಿ ಸೋರದ ತೆಳು ಹಾಳೆ. ಪ್ರತಿದಿನ ಹೊಲಿದವುಗಳಲ್ಲಿ ಎರಡಾದರೂ ಗಾಜಿನ ಹಲಗೆಗೆ ಬಂದೇ ಬರಬೇಕು. ಬಟ್ಟೆಯ ಹೊಸ ಸುರುಳಿ ಬಂದರೆ ಒಂದನ್ನು ಹೊಲಿದು ಮೂವತ್ತು ಸಲ ಒಗೆದು, ಮೂವತ್ತು ಸಲ ಒಣಗಿಸಿ, ಆಮೇಲೆ ಸಿರಿಂಜ್ ಹಿಡಿಯುತ್ತಾರೆ. ಒಣಗಿಸುವ ಖಾತೆ ಬಸ್ ಓಡಿಸುವ ಗಂಡನದು. ಶುರುವಿನಲ್ಲಿ ಅವರು ಮಹಡಿಯ ಮೇಲೆ ಯಾರೂ ನೋಡದ ಹಾಗೆ ಟವೆಲಿನ ಕೆಳಗೆ ಅಡಗಿಸಿ ಹಾಕುತ್ತಿದ್ದರಂತೆ. ಗಾಳಿಯಾಡದೆ ಮುಗ್ಗಲು ವಾಸನೆ ಬಂದ ಮೇಲೆ ಹೆಂಡತಿಯಿಂದ ಮಂಗಳಾರತಿ ಆಯಿತು. ಈಗ ಬಿಸಿಲಿಗೆ ಎದುರಾಗಿ, ಸಾಲಾಗಿ, ಕ್ಲಿಪ್ಪು ಹಾಕಿ ನೇತುಬಿಡುತ್ತಾರೆ.

ಕೊಳ್ಳಲು ಬಂದವರಿಗೆ ಅಕ್ಕ ಸುಮ್ಮನೆ ಕೊಟ್ಟು ಕಳಿಸುವುದಿಲ್ಲ. ಸೊಂಟದ ಅಳತೆಯಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ. "ತೊಡೆ ಹತ್ರ ಎಲಾಸ್ಟಿಕ್ ಒಳಗೆ ಎರಡು ಬೆರಳು ಹೋಗಬೇಕು, ಮೂರನೇದು ಹೋಗಬಾರದು. ಬಿಗಿಯಾದ್ರೆ ಮಡಚಿಕೊಳ್ಳುತ್ತೆ, ಸಡಿಲ ಆದ್ರೆ ಪಕ್ಕದಿಂದ ಸೋರುತ್ತೆ." ಜಾಸ್ತಿ ಹೋಗುವ ದಿನಕ್ಕೆ ಒಂದು ಪದರ ಹೆಚ್ಚಿರುವುದು, ಕಡೆಯ ದಿನಗಳಿಗೆ ತೆಳುವಾದದ್ದು. ಮೊದಲ ಸಲ ಮನೆಯಲ್ಲಿರುವ ದಿನವೇ ಹಾಕಿಕೊಂಡು ನೋಡಬೇಕು, ಮದುವೆಗೋ ಪ್ರಯಾಣಕ್ಕೋ ಹೊರಟ ದಿನವಲ್ಲ.

ಇಷ್ಟು ಹೇಳುವಷ್ಟರಲ್ಲಿ ಅಕ್ಕ ಎರಡು ಚಡ್ಡಿಯ ಹೊಲಿಗೆ ಬಿಚ್ಚಿ ಹಾಕಿದ್ದಾರೆ. ಪದರ ಸರಿ, ಹಾಳೆ ಸರಿ, ಹೊಲಿಗೆಯೂ ಸರಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ತಪ್ಪು ಸಿಗುತ್ತಿಲ್ಲ. ಕೊನೆಗೆ ಬಟ್ಟೆಯನ್ನು ಮೂಗಿಗೆ ಹಿಡಿಯುತ್ತಾರೆ. ತಂಗಿಯ ಮೂಗಿಗೆ ಹಿಡಿಯುತ್ತಾರೆ. ನನ್ನ ಮೂಗಿಗೂ ಬರುತ್ತದೆ. ಹೂವಿನ ಅಂಗಡಿಯ ಮುಂದೆ ನಿಂತ ಹಾಗೆ ಘಮಘಮ.

"ಯಾರೋ ಮೆತ್ತಗಾಗೋ ಲಿಕ್ವಿಡ್ ಹಾಕಿದಾರೆ!" ಎಂದವರೇ ಚೀಲ ಎತ್ತಿಕೊಂಡು ಹೊರಟುಬಿಟ್ಟರು. ಕೊನೆಯ ಜಾಲಿಸುವ ನೀರಿಗೆ ಹಾಕುವ ಆ ಸುವಾಸನೆಯ ದ್ರವ ಬಟ್ಟೆಯ ಎಳೆಗಳ ಮೇಲೆ ಜಿಡ್ಡು ಬಿಡುತ್ತದೆ. ಸೀರೆಗೆ, ಶರ್ಟಿಗೆ ಅದರಿಂದ ತೊಂದರೆಯಿಲ್ಲ. ಹೀರುವುದೇ ಕೆಲಸವಾಗಿರುವ ಬಟ್ಟೆಗೆ ಅದು ಬಾಯಿ ಕಟ್ಟಿದಂತೆ. ಒಂದೊಂದು ಒಗೆತಕ್ಕೂ ಒಂದೊಂದು ಪದರ ಜಿಡ್ಡು ಕೂತು, ಮೂರನೆಯ ತಿಂಗಳಿಗೆ ಪೂರ್ತಿ ಕೈಕೊಟ್ಟಿದೆ. ದಾರಿಯುದ್ದಕ್ಕೂ ಅಕ್ಕ ಆ 'ಯಾರೋ'ಗೆ ಏನೇನು ಹೇಳಬೇಕೆಂದು ಜೋರಾಗಿಯೇ ತಾಲೀಮು ಮಾಡುತ್ತಾರೆ. ಅವನ್ನೆಲ್ಲ ಪತ್ರಿಕೆಯಲ್ಲಿ ಬರೆಯಲು ಬರುವುದಿಲ್ಲ. ಅವರ ವೇಗಕ್ಕೆ ನಾನು ಏದುಸಿರು ಬಿಡುತ್ತಾ ಹಿಂದೆ ಓಡುತ್ತೇನೆ.

ಹಾಸ್ಟೆಲ್ಲಿನ ಹಿತ್ತಲಲ್ಲಿ ಒಗೆಯುವ ಕಟ್ಟೆ. ಅಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಬಕೆಟ್ಟಿನ ಮುಂದೆ ಕೂತಿದ್ದಾರೆ. ಹುಡುಗಿಯರಿಗೆಲ್ಲ ದೊಡ್ಡಮ್ಮ. ಪಕ್ಕದಲ್ಲಿ ನೀಲಿ ಬಾಟಲಿ. ಅಕ್ಕ ಬಾಟಲಿ ತೋರಿಸಿ ಕೇಳಿದಾಗ ದೊಡ್ಡಮ್ಮನ ಮುಖ ಅರಳುತ್ತದೆ. ಹೌದು, ತಾನೇ ಹಾಕುವುದು.

"ಬೇರೆ ಬಟ್ಟೆಗೆ ಒಂದು ಮುಚ್ಚಳ ಹಾಕ್ತೀನಮ್ಮ. ಇದಕ್ಕೆ ಮಾತ್ರ ಮೂರು. ವಾಸನೆ ಅಂತ ಮಕ್ಕಳು ನಾಚಿಕೊಳ್ಳಬಾರದಲ್ವಾ."

ತಾಲೀಮು ಮಾಡಿಕೊಂಡು ಬಂದ ಮಾತುಗಳಲ್ಲಿ ಒಂದೂ ಅಕ್ಕನ ಬಾಯಿಂದ ಹೊರಬರುವುದಿಲ್ಲ. ಕಲ್ಲಿನ ಮೇಲೆ ಕೂರುತ್ತಾರೆ. ತಪ್ಪು ತನ್ನದೇ ಎನ್ನುತ್ತಾರೆ.

ತಪ್ಪು ಅವರದೇ ಆಗಿತ್ತು. ಚಡ್ಡಿಯ ಹಿಂಭಾಗದಲ್ಲಿ ಒಗೆಯುವ ಬಗೆಯನ್ನು ಚಿತ್ರಗಳಲ್ಲಿ ತೋರಿಸುವ ಸಣ್ಣ ಟ್ಯಾಗ್ ಇರುತ್ತಿತ್ತು. ಅದು ಸೊಂಟಕ್ಕೆ ಚುಚ್ಚುತ್ತದೆ ಎಂದು ಹುಡುಗಿಯರು ಹೇಳಿದಾಗ, ಮಕ್ಕಳಿಗೆ ಯಾಕೆ ಹಿಂಸೆ ಎಂದು ಅಕ್ಕನೇ ಒಂದು ಇಡೀ ದಿನ ಕೂತು ನೂರಿಪ್ಪತ್ತು ಟ್ಯಾಗುಗಳನ್ನೂ ಬಿಚ್ಚಿ ತೆಗೆದಿದ್ದರು. ಬದಲಿಗೆ ಹುಡುಗಿಯರನ್ನು ಕೂರಿಸಿಕೊಂಡು ಎಲ್ಲವನ್ನೂ ಬಾಯಲ್ಲೇ ಹೇಳಿದ್ದರು. ಆದರೆ ಈ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಬಟ್ಟೆ ಒಗೆಯುವುದಿಲ್ಲ. "ಹಾಕ್ಕೊಳ್ಳೋರಿಗೆ ಹೇಳಿದೆ, ಒಗೆಯೋರಿಗೆ ಹೇಳಲೇ ಇಲ್ಲ," ಎಂದು ಅಕ್ಕ ತಲೆ ಚಚ್ಚಿಕೊಳ್ಳುತ್ತಾರೆ. ವಿಷಯ ತಿಳಿದ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರೂ ಆ ಹುಡುಗಿಗೆ ಹಿತವಾಗಲೆಂದೇ ಮಾಡಿದ್ದು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ, ಹಿಂದಿನ ಸಾಲಿನಲ್ಲಿ ನಕ್ಕವರ ಮೇಲೆ ಮಾಡಿಕೊಂಡೆ.

ಅಳುತ್ತಾ ಕೂರಲು ಸಮಯವಿಲ್ಲ. ಇಬ್ಬರೂ ತೋಳು ಮಡಚುತ್ತಾರೆ. ಕೈ ಇಟ್ಟರೆ ಹಿತವೆನ್ನಿಸುವಷ್ಟೇ ಬೆಚ್ಚಗಿನ ನೀರು. ಕುದಿನೀರಾದರೆ ಸೋರದ ಹಾಳೆಯೇ ಹಾಳು. ಸ್ವಲ್ಪವೇ ಸೋಪಿನ ಪುಡಿ. ಹಿಂಡುವಾಗ ತಿರುಚುವಂತಿಲ್ಲ, ಅಂಗೈಗಳ ನಡುವೆ ಒತ್ತಬೇಕು. ನೊರೆ ಪೂರ್ತಿ ಹೋಗುವ ತನಕ ಜಾಲಿಸಬೇಕು. ಹೀಗೆ ಮೂರು ಸುತ್ತು, ಹುಡುಗಿಯ ಮೂರು ಚಡ್ಡಿಗಳಿಗೆ ನಾಲ್ಕು ಸುತ್ತು. ದಿನನಿತ್ಯದ ಕ್ರಮವನ್ನೂ ಅಕ್ಕ ಜೊತೆಗೇ ಹೇಳಿಕೊಡುತ್ತಾರೆ: ಮೊದಲು ತಣ್ಣೀರು, ಅದು ತಿಳಿಯಾಗುವವರೆಗೆ, ಆಮೇಲೆ ಸೋಪು, ಬ್ಲೀಚ್ ಬೇಡ, ಇಸ್ತ್ರಿ ಬೇಡ, ನೀಲಿ ಬಾಟಲಿ ಬೇಡವೇ ಬೇಡ. ತನಗೆ ಓದಲು ಬಾರದು, ಗೋಡೆಗೆ ಚಿತ್ರ ಬರೆದುಬಿಡು ಎಂದರು ದೊಡ್ಡಮ್ಮ. ಅಕ್ಕ ಇದ್ದಿಲಿನಲ್ಲಿ ಬರೆದ ಬಾಟಲಿ ಬಾತುಕೋಳಿಯ ಹಾಗಿದೆ. ಅದರ ಮೇಲೆ ದೊಡ್ಡದಾಗಿ ಗುಣಿಸು ಗುರುತು ಹಾಕಿದ್ದರಿಂದ ಬಾತುಕೋಳಿಗೂ ಇಲ್ಲಿ ಪ್ರವೇಶವಿಲ್ಲ.

ಒಣಗುವವರೆಗೆ ಅಕ್ಕ ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹಗ್ಗದ ಹತ್ತಿರ ಹೋಗಿ ಮುಟ್ಟಿ ಮುಟ್ಟಿ ನೋಡುತ್ತಾರೆ. ನಾಲ್ಕು ಗಂಟೆಗೆ ಗಾಜಿನ ಹಲಗೆ ತರಿಸಿ ಮಹಡಿ ಹತ್ತಿದರು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಕ್ಕ ಬುದ್ಧಿ ಹೇಳಲಿಲ್ಲ, ಧೈರ್ಯ ತುಂಬಲಿಲ್ಲ. ಮಂಚದ ಅಂಚಿನಲ್ಲಿ ಹಲಗೆ ಇಟ್ಟು, ಅದರ ಮೇಲೆ ಜಿಡ್ಡು ತೊಳೆಯದೆ ಉಳಿಸಿಕೊಂಡಿದ್ದ ಚಡ್ಡಿಯೊಂದನ್ನು ಹಾಸಿ, ಸಿರಿಂಜನ್ನು ಅವಳ ಕೈಗೇ ಕೊಟ್ಟರು.

"ನನ್ನ ಮಾತು ನಂಬಬೇಡ. ನೀನೇ ಬಿಟ್ಟು ನೋಡು."

ನೀರು ಉರುಳಿ ಅಂಚಿಗೆ ಓಡಿತು. ಆಮೇಲೆ ಒಣಗಿದ ಅವಳದೇ ಚಡ್ಡಿ ಹಾಸಿದರು. ಹನಿ ಬಿತ್ತು, ಮಾಯವಾಯಿತು. ಹುಡುಗಿ ಎದ್ದು ಕೂತಳು. ಹದಿನೈದು ಎಂ.ಎಲ್. ಮುಗಿಯಿತು. ಕೇಳದೆಯೇ ಮತ್ತೆ ತುಂಬಿಕೊಂಡಳು. ಹಲಗೆಯನ್ನು ಎತ್ತಿ ಕೆಳಗಿನಿಂದ ನೋಡಿದಳು. ಗಾಜು ಒಣಗಿಯೇ ಇತ್ತು. ಮೂರನೆಯ ಸಲವೂ ತುಂಬಿ ಬಿಟ್ಟಳು. ಹೋಗುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಎರಡನೆಯ ಚಡ್ಡಿಯನ್ನೂ ಹಾಸುವಂತೆ ಸನ್ನೆ ಮಾಡಿದಳು, ಅಷ್ಟೇ.

ಬುಧವಾರ ಮಧ್ಯಾಹ್ನ ನಾನು ಮತ್ತೆ ಹಾಸ್ಟೆಲ್ಲಿನ ಹಿತ್ತಲಿಗೆ ಹೋದೆ. ಹೋಗದಿದ್ದರೆ ನನಗೂ ಊಟ ಸೇರುತ್ತಿರಲಿಲ್ಲ. ಅಕ್ಕ ಆಗಲೇ ಬಂದು, ದೊಡ್ಡಮ್ಮನ ಪಕ್ಕ ಒಗೆಯುವ ಕಲ್ಲಿನ ಮೇಲೆ ಕೂತು, ಉಗುರು ಕಚ್ಚುತ್ತಿದ್ದಾರೆ. ಇನ್ನು ಮುಂದೆ ಚಿತ್ರಗಳನ್ನು ಟ್ಯಾಗಿನ ಬದಲು ಬಟ್ಟೆಯ ಮೇಲೇ ಅಚ್ಚು ಹಾಕಿಸುವುದೆಂದು ಅಕ್ಕತಂಗಿಯರು ತೀರ್ಮಾನಿಸಿದ್ದಾರೆ. ಚುಚ್ಚುವುದೂ ಇಲ್ಲ, ಬಿಚ್ಚಲೂ ಬರುವುದಿಲ್ಲ. ಬರೆಯುವವಳ ಹಳೆಯ ಚಾಳಿಯಂತೆ, ಮುಂದೆ ಅವರ ಆಸೆ ಏನೆಂದು ಕೇಳುತ್ತೇನೆ. ಅಕ್ಕ ಗೇಟಿನಿಂದ ಕಣ್ಣು ಕೀಳದೆ, ಆಮೇಲೆ ಹೇಳುತ್ತೇನೆ ಎನ್ನುತ್ತಾರೆ.

ಗೇಟು ಕಿರುಗುಟ್ಟುತ್ತದೆ. ಹುಡುಗಿ ಪರೀಕ್ಷೆಯ ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಬರುತ್ತಾಳೆ. ಪ್ರಶ್ನೆಪತ್ರಿಕೆ ಹೇಗಿತ್ತೆಂದು ಯಾರೂ ಕೇಳುವುದಿಲ್ಲ. ಏನು ಹೇಳಬೇಕೆಂದು ಅವಳಿಗೂ ಗೊತ್ತಿದೆ.

"ಗಂಟೆ ಹೊಡೆದ್ರು, ಎದ್ದೆ, ಪೇಪರ್ ಕೊಟ್ಟೆ, ಬಂದೆ." ತನಗೇ ಆಶ್ಚರ್ಯವಾದವಳಂತೆ ಸೇರಿಸುತ್ತಾಳೆ: "ಬೆಂಚು ನೋಡೋದೇ ಮರೆತುಹೋಯ್ತು, ಅಕ್ಕ."

ಅಕ್ಕ ಅವಳ ಕೆನ್ನೆ ಮುಟ್ಟಲು ಎದ್ದು ನಿಲ್ಲುತ್ತಾರೆ. ಎದ್ದವರು ಅರೆಗಳಿಗೆ ತಿರುಗಿ ಕಲ್ಲನ್ನು ನೋಡುತ್ತಾರೆ. ಅವರ ಮುಟ್ಟು ನಿಂತು ನಾಲ್ಕು ವರ್ಷವಾಗಿದೆ. ನಾನು ಗಮನಿಸಿದ್ದನ್ನು ಅವರು ಗಮನಿಸಿ ನಗುತ್ತಾರೆ.

"ನನ್ನ ಈ ಅಭ್ಯಾಸ ಇನ್ನು ಹೋಗಲ್ಲ ಬಿಡಿ. ಇವಳದ್ದು ಹೋಯ್ತಲ್ಲ, ಅದನ್ನೇ ಬರ್ಕೊಳ್ಳಿ."