ಗಂಡುಹುಡುಗರ ಶಾಲೆಯ ಮೇಟ್ರನಮ್ಮ

ಅವಳ ಗಂಡ ಆ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಆಡಳಿತದವರು ಅವಳಿಗೆ ಚಿಕ್ಕ ಹುಡುಗರ ಹಾಸ್ಟೆಲಿನಲ್ಲಿ ಮೇಟ್ರನ್ ಕೆಲಸ ಕೊಟ್ಟು, ಪಕ್ಕದಲ್ಲೇ ಎರಡು ಕೋಣೆ ಬಿಟ್ಟುಕೊಟ್ಟರು. ಕಂಕುಳಲ್ಲಿ ಹೆಣ್ಣುಕೂಸು. ಅದೋ ದೊಡ್ಡ ಮನೆತನಗಳ ಗಂಡುಮಕ್ಕಳು ಮಾತ್ರ ಓದುವ ಶಾಲೆ. ಮಂತ್ರಿಗಳಾದವರು, ಸೇನಾಧಿಕಾರಿಗಳಾದವರು ಸಭಾಂಗಣದ ಗೋಡೆಯ ತುಂಬ ಪಟಗಳಲ್ಲಿ ಮೀಸೆ ತಿರುವಿಕೊಂಡು ನಿಂತಿದ್ದರು. ಅವಳ ಕೈಗೆ ಸಿಗುವಾಗ ಮಾತ್ರ ಎಲ್ಲರೂ ಮೂಗು ಸುರಿಸುವ ಪೋರರೇ.

ಕಿತ್ತುಹೋದ ಗುಂಡಿ ಹೊಲಿಯುವುದು, ಕಬ್ಬಿಣದ ಮಂಚದ ಮೇಲೆ ಮುದುರಿ ಮಲಗಿ ಬಿಕ್ಕುವವನ ಬೆನ್ನು ಸವರುವುದು, ಹಾಸಿಗೆ ಒದ್ದೆ ಮಾಡಿಕೊಂಡವನ ಚಾದರವನ್ನು ಉಳಿದವರು ಏಳುವ ಮೊದಲೇ ಬದಲಾಯಿಸಿ ಏನೂ ಅರಿಯದವಳಂತೆ ಇದ್ದುಬಿಡುವುದು, ಇವು ಅವಳ ಕೆಲಸ. ಹಿರಿಯ ಹುಡುಗರು ಕಿರಿಯರಿಗೆ ಬೆಲ್ಟಿನಲ್ಲಿ ಹೊಡೆಯುವ ಪದ್ಧತಿಯೊಂದಿತ್ತು. ಒಬ್ಬನ ಬೆನ್ನಿನ ಬಾಸುಂಡೆಯ ಸುದ್ದಿ ಪತ್ರಿಕೆಗೆ ಹೋಗಿ ಶಾಲೆಯ ಮಾನ ಹರಾಜಾದಾಗ, ಮುಲಾಮು ಹಚ್ಚಿದವಳೂ ಅವಳೇ. ಹುಡುಗರ ಬಾಯಲ್ಲಿ ಮೇಟ್ರನ್ ಎಂಬುದು ಮೇಟ್ರನಮ್ಮ ಆಯಿತು, ಆಮೇಲೆ ಬರೀ ಅಮ್ಮ.

ಮಗಳು ಆ ಗದ್ದಲದಲ್ಲೇ ಬೆಳೆದಳು. ಸಂಜೆ ಫುಟ್‌ಬಾಲಿನಲ್ಲಿ ಗೋಲು ಕಾಯುವವಳು ಅವಳೇ. ಹುಡುಗರಿಗೆ ಅದೇನೂ ವಿಶೇಷ ಅನ್ನಿಸಿರಲಿಲ್ಲ. ಒಮ್ಮೆ ಹೊಸ ಪ್ರಿನ್ಸಿಪಾಲರು ಮೈದಾನದ ಕಡೆ ಬಂದು ನೋಡಿದರು, ಮಾರನೆಯ ದಿನ ತಾಯಿಯನ್ನು ಕರೆಸಿದರು.

"ಹುಡುಗಿ ದೊಡ್ಡವಳಾಗ್ತಿದ್ದಾಳೆ. ಇನ್ಮೇಲೆ ಮೈದಾನಕ್ಕೆ ಕಳಿಸ್ಬೇಡಿ."

ಅವಳು "ಆಯ್ತು ಸರ್" ಎಂದು ಬಂದಳು. ಮನೆಯಲ್ಲಿ ಮಗಳು ಕೇಳಿದ್ದು ಒಂದೇ ಮಾತು: "ಯಾಕಮ್ಮ, ನಾನು ಗೋಲು ಬಿಟ್ಬಿಟ್ನಾ?"

ತಾಯಿ ಅವಳ ಮಣ್ಣಾದ ಅಂಗಿಯನ್ನು ಒಗೆಯಲು ಎತ್ತಿಕೊಂಡಳು. ಮಗಳು ಹಿಂದಿನ ಗೇಟಿನಿಂದ ಪೇಟೆಯ ಶಾಲೆಗೆ ಹೋಗಿಬಂದು ಓದಿದಳು, ನರ್ಸ್ ಆದಳು.

ಮೇಟ್ರನಮ್ಮನ ತಲೆ ನರೆತ ಹೊತ್ತಿಗೆ, ಹುಡುಗಿಯರನ್ನೂ ಸೇರಿಸಿಕೊಳ್ಳಬೇಕೆಂಬ ಮಾತು ಎದ್ದಿತು. ಹಳೆಯ ವಿದ್ಯಾರ್ಥಿಗಳು ಎರಡು ಪಾಲಾದರು. ಪತ್ರಿಕೆಗಳಲ್ಲಿ ಕಿತ್ತಾಟ, ಕೋರ್ಟಿಗೆ ಹೋಗುತ್ತೇವೆಂಬ ಬೆದರಿಕೆ. ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ ಈಗ ಹೆಸರುವಾಸಿ ವಕೀಲ. ಅವನೇ ಖುದ್ದಾಗಿ ಅವಳ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತ.

"ಸಭೆಯಲ್ಲಿ ನೀವೊಂದು ಮಾತು ಹೇಳಿದ್ರೆ ಸಾಕಮ್ಮ. ಶಾಲೆ ಇದ್ದ ಹಾಗೇ ಇರ್ಲಿ ಅಂತ. ನಿಮ್ಮ ಮಾತನ್ನ ಯಾರೂ ಮೀರಲ್ಲ."

ಎಷ್ಟೋ ಬೆಳಗು ಇವನ ಚಾದರ ಬದಲಾಯಿಸಿದ್ದು ಅವಳಿಗೆ ನೆನಪಾಯಿತು. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, "ಚಹಾ ಕುಡಿ, ಆರಿಹೋಗುತ್ತೆ" ಎಂದಳು.

ಸಭೆಯ ದಿನ ಅವಳನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದರು. ಮೈಕಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು.

"ನನಗೆ ಭಾಷಣ ಬರಲ್ಲ. ನೀವೆಲ್ಲ ನನ್ನನ್ನ ಅಮ್ಮ ಅಂದ್ರಿ, ನಾನೂ ಓ ಅಂದೆ. ನನಗೊಬ್ಳು ಮಗಳಿದ್ದಾಳೆ, ಈ ಗೋಡೆ ಒಳಗೇ ಬೆಳೆದವಳು. ಅವಳಿಗೆ ಇಲ್ಲಿ ಒಂದು ಬೆಂಚು ಸಿಗಲಿಲ್ಲ. ನಾನು ನಿಮಗೆ ಅಮ್ಮ ಆದ್ರೆ, ಅವಳು ನಿಮಗೇನಾಗಬೇಕು?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷ ತಲೆ ಎತ್ತಲಿಲ್ಲ. ಆಮೇಲೆ ವರ್ಷಗಟ್ಟಲೆ ಅವನು ಅವಳ ಮನೆಯ ಕಡೆ ಸುಳಿಯಲೂ ಇಲ್ಲ. ಅದು ಅವಳಿಗೆ ನೋಯಿತು. ಆಡಳಿತ ಮಂಡಳಿಯಲ್ಲಿ ಮತಕ್ಕೆ ಹಾಕಿದಾಗ ಹುಡುಗಿಯರ ಪರ ಇದ್ದವರು ಕೂದಲೆಳೆಯಲ್ಲಿ ಗೆದ್ದರು. ಮೇಟ್ರನಮ್ಮ ಓಡಿಹೋಗಿ ಸುದ್ದಿ ಹೇಳಿದರೆ ಮಗಳು, "ಒಳ್ಳೇದಾಯ್ತು. ನನಗೆ ತಡವಾಯ್ತು ಬಿಡು" ಎಂದು ಡ್ಯೂಟಿಗೆ ಹೊರಟಳು. ಆದರೆ ಬಾಗಿಲ ಹತ್ತಿರ ತಿರುಗಿ ಬಂದು, ತಾಯಿಯ ಭುಜ ಹಿಡಿದು ಸ್ವಲ್ಪ ಹೊತ್ತು ನಿಂತಳು.

ಹುಡುಗಿಯರ ಹೊಸ ಹಾಸ್ಟೆಲಿನ ಬೀಗ ತೆಗೆದುಕೊಟ್ಟು ಮೇಟ್ರನಮ್ಮ ನಿವೃತ್ತಳಾದಳು. ಈಗ ಮಗಳ ಮನೆಯಲ್ಲಿದ್ದಾಳೆ. ಸಂಜೆಯಾದರೆ ಹಳೆಯದೆಲ್ಲ ಒತ್ತರಿಸಿಕೊಂಡು ಬರುತ್ತದೆ.

"ಆ ಹುಡುಗರ ಗಲಾಟೆ ಇಲ್ದೆ ಮನೆ ಬಣಗುಟ್ಟುತ್ತೆ ಕಣೆ. ಆ ಕಾಲವೇ ಚೆನ್ನಾಗಿತ್ತು."

"ಚೆನ್ನಾಗಿದೆ ನಿನ್ನ ಕತೆ," ಮಗಳು ನಗುತ್ತಾಳೆ. "ಮೈಕಿನ ಮುಂದೆ ನಿಂತು ಜಗಳ ಆಡಿದವಳೂ ನೀನೇ, ಈಗ ಹಳೇದೇ ಬೇಕು ಅನ್ನೋಳೂ ನೀನೇ."

"ಎರಡೂ ನಿಜ. ಏನ್ಮಾಡ್ಲಿ ಹೇಳು."

ಅಷ್ಟು ಹೇಳಿ, ಬೂಟಿನ ಡಬ್ಬದಲ್ಲಿ ಅಳಿಲು ಸಾಕಿದ್ದ ಹುಡುಗನೊಬ್ಬನ ಕತೆ ಶುರುಮಾಡುತ್ತಾಳೆ. ಮಗಳಿಗೆ ಅದು ಬಾಯಿಪಾಠ. ಆದರೂ ತರಕಾರಿ ಹೆಚ್ಚುತ್ತ, ಅಳಿಲು ಪ್ರಿನ್ಸಿಪಾಲರ ಕೋಟಿನೊಳಗೆ ನುಗ್ಗುವವರೆಗೂ ಹೂಂಗುಡುತ್ತಾಳೆ.