ಪುಕ್ಕಲಕ್ಕನ ಅಹವಾಲು

ನಮ್ಮ ಬೀದಿಯ ಲಾಂಡ್ರಿ ನಡೆಸುವ ಹೆಂಗಸಿಗೆ ಪುಕ್ಕಲಕ್ಕ ಎಂದು ಹೆಸರಿಟ್ಟವರು ಅವಳ ಅತ್ತೆಯೇ. ಮದುವೆಯಾಗಿ ಬಂದ ಹೊಸತರಲ್ಲಿ ಹಲ್ಲಿಗೆ ಹೆದರಿ ಬಟ್ಟೆ ನೆನೆಸುವ ತೊಟ್ಟಿಯೊಳಗೆ ಇಳಿದು ನಿಂತಿದ್ದಳಂತೆ. ಹಲ್ಲಿ ಹೋಯಿತು, ಹೆಸರು ಉಳಿಯಿತು. ಫೋನ್ ಸದ್ದು ಮಾಡಿದರೆ ಹೆದರುತ್ತಾಳೆ. ಎತ್ತುವ ಮೊದಲೇ ನಿಂತುಹೋದರೆ, ಯಾರಿಗೆ ಏನಾಯಿತೋ ಎಂದು ಇನ್ನಷ್ಟು ಹೆದರುತ್ತಾಳೆ.

ಕೆಳಗೆ ಲಾಂಡ್ರಿ, ಮೇಲೆ ಮನೆ. ಲಾಂಡ್ರಿಯ ಹಿಂಭಾಗದಲ್ಲಿ ಆವಿ ಕೊಡುವ ಪುಟ್ಟ ಬಾಯ್ಲರ್. ಅದರ ಒತ್ತಡದ ಮುಳ್ಳು ಎಲ್ಲಿದೆ ಎಂದು ಅವಳು ಹೋಗಿ ಹೋಗಿ ನೋಡುತ್ತಿದ್ದರೆ, "ಅದಕ್ಕೂ ನಾಚಿಕೆ ಆಗತ್ತೆ ಕಣೇ, ಸ್ವಲ್ಪ ಆ ಕಡೆ ತಿರುಗು" ಎಂದು ಗಂಡ ರೇಗಿಸುತ್ತಾನೆ. ಅವನು ಇಸ್ತ್ರಿ ಮೇಜಿನ ಹಿಂದೆ ನಿಂತರೆ ಲೋಕಕ್ಕೆ ಬೆಂಕಿ ಬಿದ್ದರೂ ಕೈಯಲ್ಲಿರುವ ಕಾಲರ್ ಮುಗಿಸಿಯೇ ತಲೆ ಎತ್ತುವ ಆಸಾಮಿ.

ಎಲ್ಲೋ ದೂರದ ಊರಿನಲ್ಲಿ ಯಾರದೋ ಬಾಯ್ಲರ್ ಸಿಡಿಯಿತು. ಸರ್ಕಾರ ಎಚ್ಚೆತ್ತು ಒಂದು ಮಸೂದೆ ತಂದಿತು. ಜನ ವಾಸಿಸುವ ಕಟ್ಟಡದಲ್ಲಿ ಇನ್ನು ಮೇಲೆ ಬಾಯ್ಲರ್ ಇರಕೂಡದು ಎಂಬುದು ಅದರ ಒಂದು ಕಲಮು. ಪುಕ್ಕಲಕ್ಕನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆ ಬಿಡಬೇಕು, ಇಲ್ಲವೇ ಲಾಂಡ್ರಿ ಮುಚ್ಚಬೇಕು. ಬೇರೆ ಜಾಗ ಹಿಡಿಯುವ ತಾಕತ್ತು ಇರಲಿಲ್ಲ.

ಇಂಥ ಹೊತ್ತಿಗೆಂದೇ ಇರುವುದು ರಾಜ್ಯ ವ್ಯಾಪಾರಸ್ಥರ ಸಂಘ. ಅಧಿವೇಶನಕ್ಕೆ ಮುಂಚೆ ಸಂಘ ಸಭೆ ಸೇರಿ, ಶಾಸಕರ ಮುಂದೆ ಇಡಬೇಕಾದ ಆದ್ಯತೆಗಳನ್ನು ಗೊತ್ತುಮಾಡುತ್ತದೆ. ಆದ್ಯತೆಗಳಿಗೇನೂ ಬರವಿಲ್ಲ, ಪ್ರತಿಯೊಬ್ಬನ ಆದ್ಯತೆಯೂ ಮೊದಲನೆಯದೇ. ಆದರೆ ಸಂಘದ ಅಧ್ಯಕ್ಷರು ಲಾಡ್ಜ್ ಯಜಮಾನರಾದ್ದರಿಂದ ಲಾಡ್ಜ್ ರೂಮುಗಳ ತೆರಿಗೆ ಇಳಿಸುವುದು ಎಲ್ಲಕ್ಕಿಂತ ಮೇಲೆ ಕೂತಿತು. ಬಾಯ್ಲರ್ ವಿಷಯ ಎಲ್ಲಕ್ಕಿಂತ ಕೆಳಗೆ. ಅಲ್ಲಿಗಾದರೂ ಅದು ಬಂದದ್ದು, ಲಾಂಡ್ರಿಯವರೆಲ್ಲ ಮುಂದಿನ ಸಾಲಿನಲ್ಲಿ ಕೂತು ಊಟಕ್ಕೂ ಏಳಲಿಲ್ಲವಾದ್ದರಿಂದ.

ಸಂಘದ್ದು ಒಂದು ಪದ್ಧತಿ. ಯಾವ ಕಾನೂನು ಯಾರನ್ನು ಹೊಡೆಯುತ್ತದೋ ಅವರೇ ಸದನ ಸಮಿತಿಯ ಮುಂದೆ ಹೋಗಿ ಅಹವಾಲು ಹೇಳಬೇಕು. "ಹೊಟ್ಟೆ ತುಂಬಿದವನು ಹಸಿವಿನ ಬಗ್ಗೆ ಮಾತಾಡಿದ್ರೆ ಯಾರು ನಂಬ್ತಾರೆ?" ಎಂದು ಕಾರ್ಯದರ್ಶಿ ಕೇಳಿದರು. "ಲಾಂಡ್ರಿ ಕಡೆಯಿಂದ ಯಾರು ಹೋಗ್ತೀರಿ?" ಎಲ್ಲರೂ ತಟ್ಟನೆ ತಲೆ ತಗ್ಗಿಸಿದರು. ಪುಕ್ಕಲಕ್ಕ ಎಷ್ಟು ಹೆದರಿದಳೆಂದರೆ ತಲೆ ತಗ್ಗಿಸಲು ಮರೆತಳು.

"ಸಂತೋಷ ಅಮ್ಮಾ!" ಎಂದರು ಕಾರ್ಯದರ್ಶಿ.

ಭಾಷಣ ಬರೆಯುವ ಭಾರವನ್ನು ಲಾಡ್ಜ್ ಯಜಮಾನರು ಬೇರೆಯವರಿಗೆ ಬಿಡಲಿಲ್ಲ. ತಾಲೀಮು ಮಾಡಿಸುವ ಭಾರವನ್ನೂ ಬಿಡಲಿಲ್ಲ. ಸಂಘದ ಹಾಲಿನಲ್ಲಿ ಎತ್ತರದ ಕುರ್ಚಿ ಹಾಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಇಡೀ ಸದನ ಸಮಿತಿಯಾಗಿ ತಾವೊಬ್ಬರೇ ಕೂರುತ್ತಿದ್ದರು. ಆ ಕುರ್ಚಿಯಿಂದ ಇಳಿಯಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಪುಕ್ಕಲಕ್ಕ ತಡವರಿಸಿದರೆ ಮತ್ತೆ ಮೊದಲಿಂದ. ದನಿ ಇಳಿದರೆ ಅವರು ಕೈ ಬೀಸುತ್ತಿದ್ದರು. ಕೈ ಬೀಸಿದರೆ ಜೋರಾಗಿ ಹೇಳಬೇಕು. ಕೊನೆಗೆ ಅವರ ಮುಖ ಕಂಡರೆ ಸಾಕು, ಬಾಯಿ ತಾನಾಗಿ ತೆರೆದುಕೊಳ್ಳುವಷ್ಟು ಪಳಗಿದಳು. ಭಾಷಣದಲ್ಲಿ ಒಂದು ಸಾಲಿತ್ತು: "ಸಣ್ಣ ಅಂಗಡಿಗಳು ರಾಜ್ಯದ ಬೆರಳುಗಳು, ಮಾನ್ಯರೇ. ಬೆರಳು ಕತ್ತರಿಸಿಕೊಂಡವನು ತುತ್ತು ಎತ್ತುವುದು ಹೇಗೆ?" ಅದು ಬಂದಾಗಲೆಲ್ಲ ಯಜಮಾನರು ಕಣ್ಣು ಮುಚ್ಚಿ ತಮ್ಮ ಪ್ರತಿಭೆಗೆ ತಾವೇ ತಲೆದೂಗುತ್ತಿದ್ದರು.

ಅಹವಾಲಿನ ದಿನ ಸಮಿತಿಯ ಕೋಣೆಯ ಹೊರಗೆ ಉದ್ದನೆಯ ಬೆಂಚು. ಪುಕ್ಕಲಕ್ಕ ಅದರ ತುದಿಯಲ್ಲಿ, ಎದ್ದು ಓಡಲು ಅನುಕೂಲವಾಗುವಂತೆ, ಕೂತಿದ್ದಳು. ಒಳಗಿನಿಂದ ಯಜಮಾನರು ನಗುನಗುತ್ತಾ ಬಂದು ಪಕ್ಕದಲ್ಲಿ ಕೂತರು.

"ನೋಡಮ್ಮಾ, ಒಂದು ಸಣ್ಣ ಬದಲಾವಣೆ. ಭಾಷಣ ಬೇಡ. 'ಸಂಘಕ್ಕೆ ಆಕ್ಷೇಪಣೆ ಇಲ್ಲ' ಅಂತ ಹೇಳಿ ಕೂತುಬಿಡು."

"ಹಂಗಂದ್ರೆ... ಬಾಯ್ಲರು?"

"ಕೊಟ್ಟು ತಗೊಳ್ಳೋ ವ್ಯವಹಾರ ಇದು. ಬಾಯ್ಲರ್ ಕಲಮಿನ ತಕರಾರು ನಾವು ಬಿಟ್ರೆ, ರೂಮಿನ ತೆರಿಗೆ ಅವರು ಬಿಡ್ತಾರೆ. ಇಡೀ ರಾಜ್ಯಕ್ಕೆ ಲಾಭ! ನಿಮ್ಮದು ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ನಾವೇ ಇರಲ್ವಲ್ಲ ಯಜಮಾನ್ರೇ."

ಯಜಮಾನರ ನಗು ಹಾಗೇ ಇತ್ತು. ದನಿ ಮಾತ್ರ ಸಣ್ಣದಾಯಿತು. "ನಮ್ಮ ಲಾಡ್ಜಿನ ಬೆಡ್‌ಶೀಟು ಯಾರಮ್ಮಾ ಒಗೆಯೋದು?"

"ನಾವೇ."

"ಅಷ್ಟು ನೆನಪಿದ್ರೆ ಸಾಕು."

ಅವಳ ಲಾಂಡ್ರಿ ನಿಂತಿದ್ದೇ ಆ ಬೆಡ್‌ಶೀಟುಗಳ ಮೇಲೆ. ಮಾತಾಡಿದರೆ ಲಾಡ್ಜಿನ ಮೂಟೆ ಹೋಗುತ್ತದೆ, ಸುಮ್ಮನಿದ್ದರೆ ಬಾಯ್ಲರ್ ಹೋಗುತ್ತದೆ. ಹಲ್ಲಿಯಾದರೆ ತೊಟ್ಟಿಗಾದರೂ ಇಳಿಯಬಹುದು. ಇಲ್ಲಿ ಇಳಿಯಲು ಎಲ್ಲಿದೆ ಜಾಗ? ಅಷ್ಟರಲ್ಲಿ ಕೂಗು ಬಂತು. ಎದ್ದು ಒಳಗೆ ಹೋದಳು.

ಅರ್ಧಚಂದ್ರದ ಮೇಜಿನ ಸುತ್ತ ಶಾಸಕರು. ಒಬ್ಬರು ಆಕಳಿಸುತ್ತಿದ್ದರು, ಇನ್ನೊಬ್ಬರು ಆ ಆಕಳಿಕೆಯನ್ನು ಮುಂದುವರಿಸಿದರು. ನಡುವೆ ಸಮಿತಿಯ ಅಧ್ಯಕ್ಷೆ, ನರೆತ ಕೂದಲಿನ ಹಿರಿಯರು. "ಹೇಳಿ ಅಮ್ಮಾ, ಹೆದರಬೇಡಿ" ಎಂದರು. ಹೆದರಬೇಡಿ ಎಂದರೆ ಇಲ್ಲಿ ಹೆದರುವಂಥದ್ದು ಇದೆ ಎಂದೇ ಅವಳ ಲೆಕ್ಕ. ಮೈಕು ಅವಳ ಉಸಿರನ್ನು ಕೋಣೆಗೆಲ್ಲ ಕೇಳಿಸಿತು. 'ಆಕ್ಷೇಪಣೆ ಇಲ್ಲ' ಎಂಬ ಎರಡೇ ಮಾತು ಗಂಟಲಿಗೆ ಮುಳ್ಳಿನಂತೆ ಸಿಕ್ಕಿಕೊಂಡು ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಗುರುತಿನ ಒಂದು ಮುಖಕ್ಕಾಗಿ ಕತ್ತು ತಿರುಗಿತು, ಕತ್ತಿನ ಹಿಂದೆ ಮೈಯೂ ತಿರುಗಿತು. ಹಿಂದಿನ ಸಾಲಿನಲ್ಲಿ ಲಾಡ್ಜ್ ಯಜಮಾನರು ಕೂತಿದ್ದರು, ಕನ್ನಡಕ ಮೂಗಿನ ತುದಿಯಲ್ಲಿ.

ಬಾಯಿ ತೆರೆದುಕೊಂಡಿತು.

"ಮಾನ್ಯರೇ, ನಾನೊಬ್ಬಳು ಬಡ ಲಾಂಡ್ರಿಯವಳು..." ಎಂದು ಸಮಿತಿಗೆ ಬೆನ್ನು ಹಾಕಿ ಯಜಮಾನರಿಗೇ ಅಹವಾಲು ಶುರುಮಾಡಿದಳು. ಯಜಮಾನರ ಮುಖ ಬಿಳುಚಿತು. ನಿಲ್ಲಿಸು ಎಂದು ಕೈ ಬೀಸಿದರು. ಅವಳು ದನಿ ಏರಿಸಿದಳು. ಎರಡೂ ಕೈ ಬೀಸಿದರು. ಕಿಟಕಿಯ ಗಾಜು ಅದುರಿತು. ಆಕಳಿಸುತ್ತಿದ್ದ ಶಾಸಕರು ನೆಟ್ಟಗೆ ಕೂತರು. ಅವಳಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು. ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮಾತು ಸುರಿಯುತ್ತಲೇ ಇತ್ತು. ಬೆರಳಿನ ಸಾಲು ಬಂದಾಗ ಶಾಸಕರೊಬ್ಬರು ಮೇಜು ಕುಟ್ಟಿ "ಭೇಷ್!" ಎಂದರು.

ಯಜಮಾನರ ಕೈ ಗಾಳಿಯಲ್ಲೇ ನಿಂತಿತು.

"ಅಮ್ಮಾ, ಸ್ವಲ್ಪ ನಮ್ಮ ಕಡೆನೂ ತಿರುಗಿ" ಎಂದರು ಅಧ್ಯಕ್ಷೆ. "ಚೆನ್ನಾಗಿ ಹೇಳಿದ್ರಿ. ಇದು ನಿಮ್ಮ ಮಾತೋ, ಸಂಘದ ಮಾತೋ?"

ಅವಳು ಹಿಂದಿನ ಸಾಲಿನತ್ತ ಬೆರಳು ತೋರಿಸಿದಳು. ಎಲ್ಲರೂ ಯಜಮಾನರನ್ನು ನೋಡಿದರು. ಮೇಜು ಕುಟ್ಟಿದ ಶಾಸಕರಂತೂ ಅಭಿಮಾನದಿಂದಲೇ ನೋಡಿದರು. ಬೆಳಿಗ್ಗೆ ಮಾಡಿಕೊಂಡ ವ್ಯವಹಾರ ಒಂದು ಕಡೆ, ಮೊದಲ ಬಾರಿಗೆ ಸಿಕ್ಕ ಭೇಷ್ ಇನ್ನೊಂದು ಕಡೆ. ಯಜಮಾನರು ಒಂದು ಗಳಿಗೆ ಒದ್ದಾಡಿ, ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡರು.

"ಬರೆದದ್ದು ನಾನೇ," ಎಂದರು.

ಸಮಿತಿ ಕಲಮನ್ನು ತಿದ್ದಿತು. ಸಣ್ಣ ಬಾಯ್ಲರ್‌ಗಳು ಇರಬಹುದು, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ರೂಮಿನ ತೆರಿಗೆಯನ್ನು ಮುಂದೆ ನೋಡೋಣ ಎಂದಿತು. ವಾಪಸ್ ಬರುವಾಗ ಸಂಘದ ವ್ಯಾನಿನಲ್ಲಿ ಪುಕ್ಕಲಕ್ಕನ ಪಕ್ಕ ಯಾರೂ ಕೂರಲಿಲ್ಲ.

ಆಮೇಲೆ ಲಾಡ್ಜಿನ ಮೂಟೆ ಬರಲಿಲ್ಲ. ತೊಟ್ಟಿ ಒಣಗಿತು. "ಹೋಯ್ತು ಕಣ್ರೀ" ಎಂದು ಅವಳು ಅಂದರೆ, "ಈ ಕಾಲರ್ ಮುಗಿಸ್ತೀನಿ ಇರು" ಎಂದ ಗಂಡ.

ಒಂದು ಬೆಳಿಗ್ಗೆ ಲಾಡ್ಜಿನ ಗಾಡಿ ಬಂದು ನಿಂತಿತು. ಅದರಿಂದ ಯಜಮಾನರೇ ಇಳಿದದ್ದು ಕಂಡು ಪುಕ್ಕಲಕ್ಕನ ಕೈಯಿಂದ ಸೋಪಿನ ಡಬ್ಬಿ ಬಿತ್ತು.

"ಸಂಘದ ವಾರ್ಷಿಕ ಸಭೆ ಇದೆ. ಆ ಭಾಷಣ ವೇದಿಕೆ ಮೇಲೆ ಇನ್ನೊಂದ್ಸಲ ಹೇಳ್ಬೇಕು. ಎಲ್ಲಾ ಊರಿನವರೂ ಬರ್ತಾರೆ. ಹೇಳ್ತೀಯಲ್ಲ?"

ಅವಳು ಗೋಡೆ ಹಿಡಿದುಕೊಂಡಳು. "ಇಲ್ಲ ಯಜಮಾನ್ರೇ," ಎಂದಳು. "ನನ್ ಕೈಲಿ ಆಗಲ್ಲ. ನೀವು ಏನ್ ಮಾಡಿದ್ರೂ ಸರಿ, ಆಗಲ್ಲ." ಹೇಳಿದವಳೇ ಮೆಟ್ಟಿಲು ಹತ್ತಿ ಓಡಿ, ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡಳು. ಕೆಳಗೆ ಗಾಡಿ ಹೊರಟ ಸದ್ದು ಕೇಳಿಸಿತು.

ಗಂಡ ಹಿಂದೆಯೇ ಬಂದು ಬಾಗಿಲು ತೆರೆಸಿ ಒಳಗೆ ಸೇರಿದ. "ಮೂಟೆ ಇಳಿಸಿ ಹೋದ್ರಾ?"

"ನಾನು ನೋಡ್ಲಿಲ್ಲ ರೀ. ನೀವು?"

"ನಾನೂ ಇಲ್ಲ. ಹೋಗಿ ನೋಡು."

"ನೀವೇ ಹೋಗಿ."

ಇಬ್ಬರೂ ಹೋಗಲಿಲ್ಲ. ಮಂಚದ ಅಂಚಿನಲ್ಲಿ ಪಕ್ಕಪಕ್ಕ ಕೂತರು. ಕೊನೆಗೆ ಅತ್ತೆ ಗೊಣಗುತ್ತಾ ಮೆಟ್ಟಿಲು ಇಳಿದರು. ಆಮೇಲೆ ಕೆಳಗಿನಿಂದ ಅವರ ದನಿ ಬಂತು.

"ಮೂಟೆ ಬಾಗಿಲಿಗೆ ಅಡ್ಡ ಹಾಕಿ ಹೋಗಿದಾನೆ ಕಣೇ, ಕಾಲಿಡೋಕೆ ಜಾಗ ಇಲ್ಲ. ಬನ್ನಿ, ಇಬ್ರೂ ಒಂದೊಂದು ತುದಿ ಹಿಡ್ಕೊಳ್ಳಿ."