ಹಾರುವ ವೀರನ ಬೆನ್ನಿನ ತಂತಿ

ಆ ಬೀದಿಯಲ್ಲಿ ದರ್ಜಿಯನ್ನು ಎಲ್ಲರೂ ಕತ್ತರಿವೀರ ಎಂದೇ ಕರೆಯುತ್ತಿದ್ದರು. ಚೀನಾದ ಹಳೇ ರಾಜರ ಕಾಲದ ಕತ್ತಿಕಾಳಗದ ಸಿನಿಮಾ ಎಂದರೆ ಆತನಿಗೆ ಪ್ರಾಣ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಸಂಸಾರ ಮತ್ತು ಟಿವಿ. ಯಂತ್ರದ ಚಕ್ರ ನಿಂತಿತೆಂದರೆ ಅಲ್ಲಿ ಬಿದಿರಿನ ಮೆಳೆಯ ಮೇಲೆ ವೀರರು ಹಾರತೊಡಗಿದರು ಎಂದೇ ಲೆಕ್ಕ.

ಹೆಂಡತಿಗೂ ಅದೇ ದೇಶ, ಅದೇ ಕಾಲ, ಅದೇ ಕತ್ತಿ. ಆದರೆ ಆಕೆಗೆ ಬೇಕಾದದ್ದು ಧಾರಾವಾಹಿ. ಈ ಒಂದು ವಿಷಯಕ್ಕೆ ಗಂಡ ಹೆಂಡಿರಿಗೆ ಮದುವೆಯಾದಂದಿನಿಂದ ಎಣ್ಣೆ ಸೀಗೇಕಾಯಿ.

"ನಿನ್ನ ಧಾರಾವಾಹೀಲಿ ಸೋಮವಾರ ಎತ್ತಿದ ಕತ್ತಿ ಶುಕ್ರವಾರ ಆದ್ರೂ ಕೆಳಗಿಳಿಯಲ್ವಲ್ಲೇ! ಅಷ್ಟರಲ್ಲಿ ನಾನೊಂದು ಕೋಟು ಹೊಲಿದು ಗುಂಡೀನೂ ಹಾಕಿರ್ತೀನಿ."

"ನಿಮ್ಮ ಸಿನಿಮಾದಲ್ಲಿ ಅವನು ಯಾರು ಅಂತ ಗೊತ್ತಾಗೋದ್ರೊಳಗೆ ಸತ್ತೇ ಹೋಗಿರ್ತಾನೆ. ನಾನು ಅಳೋದಾದ್ರೂ ಯಾರಿಗೆ, ಹೇಳಿ?"

ಕತ್ತರಿವೀರನಿಗೆ ಕೆಲಸಕ್ಕೆ ಬರುತ್ತಿದ್ದದ್ದು ಒಂದೇ ಕಣ್ಣು. ಪ್ರಾಯದಲ್ಲಿ ಯಂತ್ರದ ಸೂಜಿ ಮುರಿದು ಸಿಡಿದು ಎಡಗಣ್ಣನ್ನು ತಿಂದುಹಾಕಿತ್ತು. ಉಳಿದ ಬಲಗಣ್ಣು ಮಾತ್ರ ಹದ್ದಿನದು. ವೀರನು ಗಾಳಿಗೆ ನೆಗೆದ ಕೂಡಲೇ ಅವನನ್ನು ಎತ್ತಿ ಹಿಡಿದ ಸಣ್ಣ ತಂತಿಯನ್ನು ಪತ್ತೆ ಮಾಡಿ, "ಅಗೋ, ತಂತಿ!" ಎಂದು ಬೊಬ್ಬೆ ಹಾಕುವುದರಲ್ಲಿ ಆತನಿಗೆ ಸಿನಿಮಾ ನೋಡುವುದಕ್ಕಿಂತ ಹೆಚ್ಚಿನ ಸುಖ. ಗೋಡೆಯಾಚೆಗಿನ ಇಸ್ತ್ರಿ ಅಂಗಡಿಯವನು ಅಲ್ಲಿಂದಲೇ, "ಹಿಡ್ಕೊಂಡು ನೀನೂ ನೇತಾಡು!" ಎಂದು ಕೂಗುತ್ತಿದ್ದ.

ಒಂದು ವರ್ಷ ಆ ತಂತಿ ಮೆಲ್ಲಗೆ ಕಾಣದಾಯಿತು. ಚೀನಾದವರು ಚಾಲಾಕಿಯಾದರು ಎಂದುಕೊಂಡ. ಹಳೆಯ ಸಿನಿಮಾಗಳಲ್ಲೂ ತಂತಿ ಮಾಯವಾದಾಗ, ಸೂಜಿಯ ಕಣ್ಣು ಸಿಗದೆ ದಾರದ ತುದಿ ಬೆರಳಿಗೇ ತಾಗತೊಡಗಿದಾಗ, ತಪ್ಪು ಚೀನಾದವರದಲ್ಲ ಎಂದು ತಿಳಿಯಿತು. ಪೊರೆ ಬಂದಿತ್ತು. ಇರುವುದೊಂದು ಕಣ್ಣು, ಅದಕ್ಕೂ ಕತ್ತಿ ಇಡಬೇಕೆಂದರೆ ಯಾರ ಕೈಕಾಲು ಆಡೀತು? ಹೆದರಿ ಹೆದರಿ ಮುಂದೂಡಿದ. ಪೊರೆ ಕಲ್ಲಿನಂತೆ ಬಲಿತ ಮೇಲೆಯೇ ಹೆಂಡತಿ ದರದರ ಎಳೆದುಕೊಂಡು ಹೋದದ್ದು.

ಆಪರೇಷನ್ ಮುಗಿಸಿದ ಡಾಕ್ಟರಮ್ಮ, "ಪೊರೆ ತುಂಬಾ ಗಟ್ಟಿಯಾಗಿತ್ತು, ಯಜಮಾನರೇ. ಕೆಲವು ದಿನ ಪಟ್ಟಿ ಇರಲಿ. ಆಮೇಲೆ ನೋಡೋಣ," ಎಂದರು. ಆ 'ನೋಡೋಣ' ಎಂಬ ಮಾತನ್ನೇ ದರ್ಜಿ ಮನೆಯವರೆಗೂ ಗೊಣಗುತ್ತ ಬಂದ.

ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತವನಿಗೆ ಹೊತ್ತು ಹೋಗುವುದು ಹೇಗೆ? ಸಿನಿಮಾ ಹಾಕಿಸಿದ. ಗಾಳಿ ಬೀಸುವ ಸದ್ದು, ಕುದುರೆಯ ಗೊರಸು, ಕತ್ತಿ ಕಿರ್ ಎಂದದ್ದು, ಮತ್ತೆ ಗಾಳಿ. ಯಾರೂ ಬಾಯಿ ಬಿಡುತ್ತಿಲ್ಲ. ಗೆದ್ದವನು ಯಾರು, ಬಿದ್ದವನು ಯಾರು, ಒಂದೂ ತಿಳಿಯಲಿಲ್ಲ. ಸಿನಿಮಾದವರು ಎಲ್ಲವನ್ನೂ ಕಣ್ಣಿಗೇ ಹೇಳುತ್ತಾರೆ ಎಂಬುದು ಕಣ್ಣು ಮುಚ್ಚಿದ ಮೇಲೆ ತಿಳಿಯಿತು.

ಕಡೆಗೆ ಮೀಸೆ ಮಣ್ಣಾದರೂ ಆಗಲಿ ಎಂದು, "ನಿನ್ನ ಧಾರಾವಾಹೀನೇ ಹಾಕು ಮಾರಾಯ್ತಿ," ಎಂದ.

ಅಲ್ಲಿ ಕಿವಿ ತುಂಬ ಮಾತು, ಅದೂ ಕನ್ನಡಕ್ಕೆ ಡಬ್ ಮಾಡಿದ್ದು. ಕತ್ತಿ ಎತ್ತುವ ಮೊದಲು ನಿನ್ನ ಅಪ್ಪ ಯಾರು, ನನ್ನ ಗುರು ಯಾರು, ಯಾವ ಸೇಡಿಗೆ ಬಂದೆ ಎಂದು ಇಬ್ಬರೂ ಬಿಡಿಸಿ ಹೇಳಿಕೊಳ್ಳುತ್ತಾರೆ. ಕಣ್ಣಿಲ್ಲದವನೂ ಕಥೆಯ ಬೆನ್ನು ಹಿಡಿದು ನಡೆಯಬಹುದು. ಮುದಿ ಸೇನಾಪತಿಯ ಮಗಳ ಕಷ್ಟಕ್ಕೆ ದರ್ಜಿ ಲೊಚಗುಟ್ಟಿದ. ಆದರೂ ಬುದ್ಧಿ ಬಿಡಬೇಕಲ್ಲ!

"ಅವಳ ನಿಲುವಂಗಿ ಯಾವ ಬಣ್ಣ?"

"ಕೆಂಪು ರೀ."

"ಕೆಂಪು ಅಂದ್ರೆ? ದಾಳಿಂಬೆ ಕೆಂಪೋ, ಇಟ್ಟಿಗೆ ಕೆಂಪೋ?"

"ನಿಮ್ಮ ಮೂಗಿನ ಕೆಂಪು! ಸುಮ್ನೆ ಕೇಳ್ರಿ, ಅಳೋ ಸೀನು ಬಂತು."

ಪಟ್ಟಿ ಬಿಚ್ಚಿದ ದಿನ ಡಾಕ್ಟರಮ್ಮ ಎರಡು ಬೆರಳು ತೋರಿಸಿದರು. ಎರಡು ಎಂದ. ಎಲ್ಲರೂ ನಕ್ಕರು, ಆತ ನಗಲಿಲ್ಲ. ಬೆರಳೇನು, ಕಂಬದಷ್ಟು ದಪ್ಪ, ಯಾರಿಗಾದರೂ ಕಾಣುತ್ತದೆ! ತಂತಿ ಕಂಡರೆ ಮಾತ್ರ ಕಣ್ಣು ಬಂತೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಕಪ್ಪು ಕನ್ನಡಕ ಏರಿಸಿಕೊಂಡು ಮನೆ ಸೇರಿದವನೇ, ಪರದೆ ಎಳೆದು ಕೋಣೆ ಕತ್ತಲೆ ಮಾಡಿಸಿ, ಈವರೆಗೆ ನೋಡದ ಸಿನಿಮಾವೊಂದನ್ನು ಹಾಕಿಸಿ, ಕನ್ನಡಕ ತೆಗೆದು ಕೂತ.

ಟಿವಿಯಲ್ಲಿ ಎಲ್ಲ ಬೆಳ್ಳಗೆ.

ರೆಪ್ಪೆ ಬಡಿದ. ಬೆಳ್ಳಗೆ. ತಲೆ ವಾಲಿಸಿ ನೋಡಿದ. ಅದೇ ಹಾಲಿನಂಥ ಪೊರೆ, ನಡುವೆ ನೆರಳಿನಂಥದ್ದೇನೋ ಅಲ್ಲಾಡಿದಂತೆ. ಯಂತ್ರ ಮಾರಬೇಕು, ಕತ್ತರಿ ಮಾರಬೇಕು, ಇನ್ನು ಜೀವಮಾನವೆಲ್ಲ ಆ ಸೇನಾಪತಿಯ ಮಗಳ ಗೋಳು ಕೇಳುತ್ತ ಮೂಲೆ ಹಿಡಿಯಬೇಕು.

"ಹೋಯ್ತು ಕಣೇ," ಎಂದ. "ಎಲ್ಲಾ ಬೆಳ್ಳಗಿದೆ. ಏನೂ ಕಾಣ್ತಿಲ್ಲ."

ಹೆಂಡತಿ ಆತನ ಮುಖ ನೋಡಿದಳು, ಟಿವಿ ನೋಡಿದಳು.

"ನನಗೂ ಕಾಣ್ತಿಲ್ಲ ರೀ!"

"ಆಂ?"

"ಮಂಜು ರೀ ಅದು, ಮಂಜು! ಬೆಟ್ಟದ ಮೇಲೆ ಮಂಜು ಬಿದ್ದಿದೆ. ನಿಮ್ಮ ಸಿನಿಮಾದವರ ಬುದ್ಧಿ ಗೊತ್ತಿಲ್ವಾ? ಹೊಗೆ ಬಿಡದೆ ಯಾವತ್ತು ಕತ್ತಿ ಎತ್ತಿದಾರೆ?"

ನಂಬದ ಮುಖ ನೋಡಿ ಸರಕ್ಕನೆ ತನ್ನ ಧಾರಾವಾಹಿಗೆ ಬದಲಿಸಿದಳು. ಬಟ್ಟೆ ಅಂಗಡಿಯಂತೆ ಝಗಝಗ ಬೆಳಕು, ಮಂಜಿನ ಸುಳಿವೇ ಇಲ್ಲ. ಸೇನಾಪತಿಯ ಮಗಳು ಟಿವಿ ತುಂಬ ನಿಂತು ಅಳುತ್ತಿದ್ದಳು. ನಿಲುವಂಗಿ ಇಟ್ಟಿಗೆ ಕೆಂಪು. ಕೊರಳಪಟ್ಟಿ ಚೂರು ಮಡಚಿಕೊಂಡಿತ್ತು, ಒಳಗಿನ ಅಂಚು ಹೊರಗೆ ಇಣುಕುತ್ತಿತ್ತು. ದರ್ಜಿ ಅದನ್ನೇ ದಿಟ್ಟಿಸಿದ. ಅಂಚಿನುದ್ದಕ್ಕೂ ನೂಲು ಬಿಚ್ಚದಂತೆ ಈಗಿನ ಯಂತ್ರ ಹಾಕುವ ಓವರ್‌ಲಾಕ್ ಹೊಲಿಗೆ, ಒಂದೊಂದು ಎಳೆಯೂ ಬಿಡಿಬಿಡಿಯಾಗಿ.

"ಲೇ! ಆ ರಾಜನ ಕಾಲದಲ್ಲಿ ಕರೆಂಟ್ ಇತ್ತೇನೇ? ಓವರ್‌ಲಾಕ್ ಮಾಡಿಸಿದಾರೆ!"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಸೇನಾಪತಿಯ ಮಗಳಿಗಾಗಿ ಅಲ್ಲ.

"ಇನ್ನು ಆ ಸಿನಿಮಾ ಹಾಕು, ಬೇಗ."

ಅಷ್ಟರಲ್ಲಿ ಅಲ್ಲಿ ಬೆಟ್ಟದ ಮಂಜು ಹರಿದು ಬಿಸಿಲು ಬಿದ್ದಿತ್ತು. ಬಿಳಿಯಂಗಿಯ ವೀರ ಬಂಡೆಗೆ ಕಾಲೊದೆದು ನೆಗೆದ. ಬೆನ್ನಿನಿಂದ ಮೇಲಕ್ಕೆ ಕೂದಲೆಳೆಯಂಥದ್ದೊಂದು ಫಳಕ್ಕೆಂದು ಮಿಂಚಿ ಮಾಯವಾಯಿತು.

"ಅಗೋ, ತಂತಿ!"

ಗೋಡೆಯಾಚೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು. ಬೇರೆ ದರ್ಜಿಯ ಮೆಟ್ಟಿಲು ಹತ್ತದೆ ಅಷ್ಟು ದಿನವೂ ಕಾದಿದ್ದ ಇಸ್ತ್ರಿಯವನು ಮೊದಲು ದೊಡ್ಡದೊಂದು ಉಸಿರು ಬಿಟ್ಟ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದ:

"ಹಂಗಾದ್ರೆ ನನ್ನ ಪ್ಯಾಂಟು ಯಾವಾಗ ಕೊಡ್ತೀಯೋ, ವೀರ?"